ಸೆನ್ಸರ್ ಕುಂಟು ಅಂದರೆ ಕುದುರೆ ಕುಂಟಾ?

ನಿಮ್ಮ ಕುದುರೆ ನೋಡಿ ಒಬ್ಬ ಡಾಕ್ಟರು ಎಡ ಮುಂಗಾಲು ಕುಂಟು ಅಂದರು, ಇನ್ನೊಬ್ಬರು ಏನೂ ಇಲ್ಲ ಅಂದರು, ಈಗ ತಲೆ, ಸೊಂಟದ ಏರಿಳಿತ ಅಳೆಯುವ ಸೆನ್ಸರ್ ಹಾಕಿಸಿದರೆ ಎಡ ಮತ್ತು ಬಲ ಹೆಜ್ಜೆಗಳ ನಡುವೆ ತಲೆಯ ಏರಿಳಿತದಲ್ಲಿ 9 ಮಿಲಿಮೀಟರ್ ವ್ಯತ್ಯಾಸ ಬಂದಿದೆ, ಯಾರನ್ನು ನಂಬಲಿ ಅಂತ ಕೇಳಿದ್ದೀರಿ.

ಡಾಕ್ಟರುಗಳ ಮೇಲೆ ಸಿಟ್ಟಾಗಬೇಡಿ. 2010ರ ಒಂದು ಅಮೆರಿಕನ್ ಅಧ್ಯಯನದಲ್ಲಿ, ಕುಂಟು ಸಣ್ಣದಿದ್ದಾಗ ಅನುಭವಿ ವೈದ್ಯರ ಅಭಿಪ್ರಾಯ ಒಂದಕ್ಕೊಂದು ಹೊಂದಿದ್ದು ಸುಮಾರು 62% ಸಲ ಮಾತ್ರ. ನಮ್ಮ ಕಣ್ಣಿನ ಮಿತಿ ಅಷ್ಟೇ.

ತಲೆಗೆ 6, ಸೊಂಟಕ್ಕೆ 3 ಮಿಲಿಮೀಟರ್ ದಾಟಿದರೆ ಗಮನಿಸಬೇಕು ಅನ್ನುವುದು ರೂಢಿ. ಆದರೆ 9 ಒಂದೇ ಸಾಲದು. ಪಕ್ಕದಲ್ಲೇ ಎಸ್‌ಡಿ ಅಂತ ಇನ್ನೊಂದು ಅಂಕಿ ಇರುತ್ತದೆ, ನೋಡಿ; ಅಳತೆ ಹೆಜ್ಜೆಯಿಂದ ಹೆಜ್ಜೆಗೆ ಎಷ್ಟು ಏರುಪೇರಾಗಿದೆ ಅಂತ ಹೇಳುವ ಅಂಕಿ. ಅದು 9ಕ್ಕಿಂತ ಜಾಸ್ತಿ ಇದ್ದರೆ ಕುದುರೆ ಸುಮ್ನೆ ಅತ್ತಿತ್ತ ತಲೆ ಆಡಿಸಿರಬಹುದು. ನೇರ ದಾರಿಯಲ್ಲಿ, ಒಂದೇ ವೇಗದ ಟ್ರಾಟ್‌ನಲ್ಲಿ (ಸಣ್ಣ ಓಟದಲ್ಲಿ) ಕಡೇಪಕ್ಷ 25 ಹೆಜ್ಜೆಸುತ್ತು (ನಾಲ್ಕೂ ಕಾಲು ಒಂದೊಂದು ಸಲ ಊರಿದರೆ ಒಂದು ಸುತ್ತು) ಸಿಗುವಂತೆ ಮತ್ತೆ ಅಳೆಸಿ.

ನೀವು ಸೊಂಟದ ಅಂಕಿ ಬರೆದೇ ಇಲ್ಲ! ಹಿಂಗಾಲಿನ ಕುಂಟು ತೋರಿಸುವುದು ಅದು, ಮುಖ್ಯವಾದದ್ದು ಅದೇ. ಎಡ ಹಿಂಗಾಲು ನೋಯುತ್ತಿದ್ದರೂ ಕುದುರೆ ಭಾರವನ್ನು ಮುಂದಕ್ಕೆ ತಳ್ಳುತ್ತದೆ, ಆಗ ಎಡ ಮುಂಗಾಲೇ ಕುಂಟಿದ ಹಾಗೆ ಕಾಣುತ್ತದೆ. ಎಷ್ಟೋ ಜನ ಇಲ್ಲೇ ಮೋಸ ಹೋಗುತ್ತಾರೆ.

ಸೆನ್ಸರ್ ಅಳೆಯುವುದು ಎಡಬಲದ ವ್ಯತ್ಯಾಸವನ್ನು, ನೋವನ್ನಲ್ಲ. ನೋವು ಎಲ್ಲಿದೆ ಅಂತ ತಿಳಿಯಬೇಕಾದರೆ ಗೊರಸಿನಿಂದ ಶುರುಮಾಡಿ ನರ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಅದೇ ನೆಲದ ಮೇಲೆ ಮತ್ತೆ ಓಡಿಸಿ ಅಳೆಯಬೇಕು. 9 ಇದ್ದದ್ದು 2ಕ್ಕೆ ಇಳಿದರೆ ಜಾಗ ಸಿಕ್ಕಿತು ಅಂತ. ಅಲ್ಲಿಯವರೆಗೆ ಸವಾರಿ ಬೇಡ.