ಗೀಸರ್ ಒಂದು ದಿನ ನೀರು ಕಾಯಿಸುತ್ತದೆ, ಒಂದು ದಿನ ಮನೆಯ ಕರೆಂಟನ್ನೇ ಕೆಡವುತ್ತದೆ. ಹೊಸದು ಕೊಳ್ಳಬೇಕೇ?

ಈಗಲೇ ಕೊಳ್ಳಬೇಡಿ. ಇನ್ನೊಂದು ಬಿಡಿಭಾಗವನ್ನೂ ಬದಲಿಸಬೇಡಿ.

ನೀವು ಬರೆದಿರುವುದು ಇಷ್ಟು: ಪುಣೆಯ ವಾಘೋಲಿಯ ಫ್ಲ್ಯಾಟ್, ಟ್ಯಾಂಕರ್ ನೀರು, 25 ಲೀಟರಿನ ಗೀಸರ್. ಕೆಲವು ದಿನ ನೀರು ಚೆನ್ನಾಗಿ ಕಾಯುತ್ತದೆ, ಕೆಲವು ದಿನ ಸ್ವಿಚ್ ಹಾಕಿದೊಡನೆ ಇಡೀ ಮನೆಯ ಕರೆಂಟ್ ಹೋಗುತ್ತದೆ. ರಿಪೇರಿಯವರು ಬಂದಾಗಲೆಲ್ಲ ಗೀಸರ್ ಸರಿಯಾಗಿಯೇ ನಡೆಯುತ್ತದೆ. ಥರ್ಮೋಸ್ಟಾಟ್ ಹೊಸದು ಹಾಕಿಸಿದ ಮೇಲೂ ಅದೇ ಕಥೆ.

ಪುಣೆಯಲ್ಲಿ ಗೀಸರ್ ರಿಪೇರಿಯೇ ನನ್ನ ಕಸುಬು. ಥರ್ಮೋಸ್ಟಾಟ್ ಕೆಟ್ಟರೆ ನೀರು ಕಾಯುವುದಿಲ್ಲ, ಇಲ್ಲವೇ ಅತಿಯಾಗಿ ಕಾಯುತ್ತದೆ. ಮನೆಯ ಕರೆಂಟನ್ನು ಕೆಡವುವುದು ಸಾಮಾನ್ಯವಾಗಿ ಅದಲ್ಲ. ಮೊದಲು ಡಿಬಿ ಪೆಟ್ಟಿಗೆ (ಮನೆಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆ) ತೆರೆದು ಯಾವ ಗುಂಡಿ ಬಿದ್ದಿದೆ ನೋಡಿ. ಗೀಸರಿನ ಎಂಸಿಬಿ (ಆ ಒಂದು ಲೈನನ್ನು ಕಾಯುವ ಸ್ವಿಚ್) ಮಾತ್ರ ಬಿದ್ದಿದ್ದರೆ ಕರೆಂಟ್ ಮಿತಿಮೀರಿ ಹರಿದಿದೆ ಎಂದರ್ಥ. ಇಡೀ ಮನೆ ಕತ್ತಲಾಗಿದೆ ಎಂದರೆ ಬಿದ್ದಿರುವುದು ಬಹುತೇಕ ಆರ್‌ಸಿಸಿಬಿ, ಸೋರಿಕೆ ಕಂಡೊಡನೆ ಕರೆಂಟ್ ಕಡಿಯುವ ಸ್ವಿಚ್; ಅಂದರೆ ಕರೆಂಟ್ ಎಲ್ಲೋ ಸೋರಿ ಅರ್ಥಿಂಗ್ ಕಡೆಗೆ ಹೋಗುತ್ತಿದೆ. ಮನೆಗಳಲ್ಲಿ ಸಾಮಾನ್ಯವಾಗಿ ಹಾಕುವ ಆರ್‌ಸಿಸಿಬಿ 30 ಮಿಲಿ ಆಂಪಿಯರ್‌ನದು. ಅದರ ಅರ್ಧ ದಾಟಿದ ಮೇಲೆ ಯಾವಾಗ ಬೇಕಾದರೂ ಬೀಳಬಹುದು. 2000 ವ್ಯಾಟ್‌ನ ಗೀಸರ್ ಎಳೆಯುವುದು ಸುಮಾರು 8.7 ಆಂಪಿಯರ್. ಅದರ ಮುಂದೆ ಈ ಸೋರಿಕೆ ಎಷ್ಟು ಸಣ್ಣದೆಂದರೆ, ನೀರು ಕಾಯುವುದರಲ್ಲಿ ನಿಮಗೆ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ.

ನನ್ನ ಅನುಮಾನವೆಲ್ಲ ಕಾಯಿಲ್ ಮೇಲೆ, ಅಂದರೆ ಟ್ಯಾಂಕಿನೊಳಗೆ ನೀರು ಕಾಯಿಸುವ ಭಾಗದ ಮೇಲೆ. ಹೊರಗೆ ತಾಮ್ರದ ಕೊಳವೆ, ನಡುವೆ ಕಾಯುವ ತಂತಿಯ ಸುರುಳಿ, ಎರಡರ ಮಧ್ಯೆ ಒತ್ತಿ ತುಂಬಿದ ಮೆಗ್ನೀಷಿಯಂ ಆಕ್ಸೈಡ್ ಪುಡಿ. ಈ ಪುಡಿ ಒಣಗಿರುವವರೆಗೆ ಕರೆಂಟನ್ನು ತಡೆಯುತ್ತದೆ. ಆದರೆ ಅದಕ್ಕೆ ತೇವ ಹೀರುವ ಗುಣವಿದೆ. ಕೊಳವೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿದ್ದರೆ, ಅಥವಾ ತುದಿಯ ಸೀಲ್ ಹಳತಾದರೆ, ರಾತ್ರಿಯೆಲ್ಲ ತಣ್ಣಗಿದ್ದ ಹೊತ್ತಿನಲ್ಲಿ ಪುಡಿ ತೇವವಾಗುತ್ತದೆ. ಬೆಳಿಗ್ಗೆ ಸ್ವಿಚ್ ಹಾಕಿದೊಡನೆ ಟ್ರಿಪ್. ನೀವು ಎರಡು ಮೂರು ಸಲ ಆರ್‌ಸಿಸಿಬಿ ಎತ್ತಿ ನೋಡುವಷ್ಟರಲ್ಲಿ ಕಾಯಿಲ್ ಕೊಂಚ ಬಿಸಿಯಾಗಿ, ತೇವ ಆರಿ, ಗೀಸರ್ ನಡೆಯತೊಡಗುತ್ತದೆ. ಮಧ್ಯಾಹ್ನ ರಿಪೇರಿಯವರು ಬಂದಾಗ ಅದು ಒಣಗಿರುತ್ತದೆ, ಅವರಿಗೆ ಏನೂ ಸಿಗುವುದಿಲ್ಲ. ಮಳೆಗಾಲದಲ್ಲಿ ಅಥವಾ ನೀವು ಊರಿಗೆ ಹೋಗಿ ಬಂದ ಮರುದಿನ ಈ ಕಾಟ ಹೆಚ್ಚಾಗುತ್ತಿದ್ದರೆ ನನಗೆ ಇನ್ನೇನೂ ಸಾಕ್ಷಿ ಬೇಡ.

ರಿಪೇರಿಯವರು ಮಲ್ಟಿಮೀಟರ್ ಹಿಡಿದು ನೋಡಿರುತ್ತಾರೆ, ಸುಮಾರು 26 ಓಮ್ ತೋರಿಸಿರುತ್ತದೆ, 'ಕಾಯಿಲ್ ಚೆನ್ನಾಗಿದೆ' ಎಂದಿರುತ್ತಾರೆ. 2000 ವ್ಯಾಟ್‌ನ ಕಾಯಿಲ್‌ಗೆ ಅದು ಸರಿಯಾದ ಅಂಕಿಯೇ. ಆದರೆ ಅದು ಸುರುಳಿ ತುಂಡಾಗಿಲ್ಲ ಎಂದಷ್ಟೇ ಹೇಳುತ್ತದೆ. ಸೋರಿಕೆಯ ಬಗ್ಗೆ ಏನೂ ಹೇಳುವುದಿಲ್ಲ. ಸೋರಿಕೆ ಹಿಡಿಯಲು 500 ವೋಲ್ಟ್‌ನ ಮೆಗ್ಗರ್ ಬೇಕು, ಅಂದರೆ ಹೆಚ್ಚು ವೋಲ್ಟ್ ಕೊಟ್ಟು ಸೋರಿಕೆ ಅಳೆಯುವ ಮೀಟರ್. ಕಾಯಿಲ್‌ನ ವೈರುಗಳನ್ನು ಬಿಡಿಸಿ, ಟರ್ಮಿನಲ್‌ಗೂ ಲೋಹದ ಕವಚಕ್ಕೂ ನಡುವೆ ಅಳೆಯಬೇಕು. ಒಂದು ಮೆಗಾ ಓಮ್‌ಗಿಂತ ಕಡಿಮೆ ಬಂದರೆ ಆ ಕಾಯಿಲ್ ಹೊರಗೆ. ಅಳೆಯುವುದು ಬೆಳಿಗ್ಗೆ, ತಣ್ಣಗಿರುವಾಗ. ಮೆಗ್ಗರ್ ಇದೆಯೇ ಎಂದು ಫೋನಿನಲ್ಲೇ ಕೇಳಿ, ಇಲ್ಲವೆಂದರೆ ಬೇರೆಯವರನ್ನು ಕರೆಸಿ. ಇದು ನೀವೇ ಮಾಡುವ ಕೆಲಸವಲ್ಲ.

ನೀವು ಮಾಡಬೇಕಾದ್ದು ಬೇರೆ ಇದೆ. ಗೀಸರ್ ಪಕ್ಕ ಒಂದು ಕಾಗದ ಅಂಟಿಸಿ, ಟ್ರಿಪ್ ಆದಾಗಲೆಲ್ಲ ಸ್ವಿಚ್ ಹಾಕಿ ಎಷ್ಟು ಹೊತ್ತಾಗಿತ್ತು, ಮನೆಯಲ್ಲಿ ಇನ್ನೇನು ನಡೆಯುತ್ತಿತ್ತು ಎಂದು ಬರೆಯಿರಿ. ಹಾಕಿದೊಡನೆ ಬಿದ್ದರೆ ಮೇಲೆ ಹೇಳಿದ ತೇವ. ಹತ್ತು, ಇಪ್ಪತ್ತು ನಿಮಿಷದ ಮೇಲೆ ಬಿದ್ದರೆ, ಬಿಸಿಗೆ ಹಿಗ್ಗಿ ಬಾಯಿಬಿಡುವ ಬಿರುಕು, ಅಥವಾ ಗ್ಯಾಸ್ಕೆಟ್‌ನಿಂದ ಟರ್ಮಿನಲ್ ಮೇಲೆ ತೊಟ್ಟಿಕ್ಕುವ ನೀರು. ವಾಷಿಂಗ್ ಮೆಷಿನ್ ನಡೆಯುವಾಗ ಮಾತ್ರ ಬಿದ್ದರೆ ಎರಡೂ ಸ್ವಲ್ಪ ಸ್ವಲ್ಪ ಸೋರುತ್ತಿರಬಹುದು. ಇನ್ನೊಂದು ಇದೆ, ಇದು ಅನುಭವಸ್ಥರನ್ನೂ ದಾರಿ ತಪ್ಪಿಸುತ್ತದೆ: ಗೀಸರ್ ಸ್ವಿಚ್ ಆರಿಸಿದ್ದರೂ ಟ್ರಿಪ್ ಆಗುವುದು. ಸಾಮಾನ್ಯ ಸ್ವಿಚ್ ಫೇಸನ್ನು (ಕರೆಂಟ್ ತರುವ ತಂತಿ) ಮಾತ್ರ ಕಡಿಯುತ್ತದೆ, ನ್ಯೂಟ್ರಲ್ (ಕರೆಂಟ್ ಮರಳುವ ತಂತಿ) ಸೇರಿಯೇ ಇರುತ್ತದೆ. ಕಾಯಿಲ್‌ನ ನ್ಯೂಟ್ರಲ್ ತುದಿ ಸೋರುತ್ತಿದ್ದರೆ ಬೇರೆ ಯಾವುದೋ ಯಂತ್ರ ನಡೆದಾಗಲೂ ಆರ್‌ಸಿಸಿಬಿ ಬೀಳಬಹುದು. ಹಾಗಾಗಿ ಸ್ವಿಚ್ ಆರಿಸಿ, ಒಣಗಿದ ಕೈಯಿಂದ ಪ್ಲಗ್ಗನ್ನೇ ಕಿತ್ತು ಎರಡು ದಿನ ನೋಡಿ. ಆಗಲೂ ಬಿದ್ದರೆ ಗೀಸರ್ ನಿರಪರಾಧಿ. ಪ್ಲಗ್ ಕಿತ್ತಾಗ ಅದರ ಪಿನ್ನುಗಳು ಕಪ್ಪಾಗಿವೆಯೇ ಎಂದೂ ನೋಡಿ. ಸಡಿಲ ಸಾಕೆಟ್ಟಿನಿಂದಲೂ ಗೀಸರ್ ಬಿಟ್ಟು ಬಿಟ್ಟು ಕಾಯುತ್ತದೆ.

ಒಂದು ಮಾತನ್ನು ಕೈಮುಗಿದು ಕೇಳುತ್ತೇನೆ. ಕಾರಣ ಸಿಗದೆ ಬೇಸತ್ತ ಕೆಲವು ವೈರ್‌ಮನ್‌ಗಳು ಗೀಸರಿನ ಲೈನನ್ನು ಆರ್‌ಸಿಸಿಬಿಯಿಂದ ತಪ್ಪಿಸಿ ನೇರವಾಗಿ ಕೊಡುತ್ತಾರೆ, ಅಥವಾ ಅರ್ಥಿಂಗ್ ವೈರನ್ನೇ ಕಡಿದುಬಿಡುತ್ತಾರೆ. ಟ್ರಿಪ್ ನಿಲ್ಲುತ್ತದೆ, ಮನೆಯವರು ಹಣ ಕೊಟ್ಟು ಕಳಿಸುತ್ತಾರೆ. ಸೋರಿಕೆ ಮಾತ್ರ ಹಾಗೆಯೇ ಇರುತ್ತದೆ. ಆ ನೀರಿನ ಕೆಳಗೆ ನಿಲ್ಲುವವರು ನಿಮ್ಮ ಮಕ್ಕಳು, ಒದ್ದೆ ಮೈಯಲ್ಲಿ, ಬರಿಗಾಲಲ್ಲಿ. ಯಾರೇ ಹೇಳಿದರೂ ಒಪ್ಪಬೇಡಿ. ಕಾರಣ ಸಿಗುವವರೆಗೆ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ. ಆರ್‌ಸಿಸಿಬಿಯ ಮೇಲಿನ 'ಟಿ' (ಟೆಸ್ಟ್) ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಅದನ್ನು ಮೊದಲು ಬದಲಿಸಿ.

ಟ್ಯಾಂಕರ್ ನೀರಿನ ಪಾತ್ರವೂ ದೊಡ್ಡದು. ಖಡಕ್‌ವಾಸ್ಲಾ ಅಣೆಕಟ್ಟಿನ ನೀರು ಬರುವ ಮನೆಗಳಲ್ಲಿ ಕಾಯಿಲ್ ತೆಗೆದರೆ ತಾಮ್ರದ ಬಣ್ಣ ಇನ್ನೂ ಕಾಣುತ್ತದೆ. ಟ್ಯಾಂಕರಿನಲ್ಲಿ ಬರುವಂಥ ಬೋರ್‌ವೆಲ್ ನೀರು ತುಂಬುವ ಮನೆಗಳಲ್ಲಿ ಹಪ್ಪಳದಂತೆ ಬಿಳಿಯ ಸುಣ್ಣ ಕಟ್ಟಿರುತ್ತದೆ; ಕೆರೆದರೆ ಪದರವಾಗಿ ಬೀಳುತ್ತದೆ, ಅದರಡಿ, ಬಾಗಿದ ಜಾಗದಲ್ಲಿ, ಹಸಿರು ಕಲೆ. ಬಿರುಕು ಇರುವುದು ಬಹುಪಾಲು ಅಲ್ಲೇ. ಸುಣ್ಣ ಕಟ್ಟಿದರೆ ಕಾಯಿಲ್‌ನ ಬಿಸಿ ನೀರಿಗೆ ಇಳಿಯುವುದಿಲ್ಲ, ಕೊಳವೆ ತಾನೇ ಬೆಂದು ಬಿರಿಯುತ್ತದೆ. ನಿಮ್ಮಲ್ಲಿ ವರ್ಷಕ್ಕೊಮ್ಮೆ ಗೀಸರ್ ತೆರೆಸಿ ಸುಣ್ಣ ತೆಗೆಸಲೇಬೇಕು.

ಮೆಗ್ಗರ್ ಕಾಯಿಲನ್ನೇ ತೋರಿಸಿದರೆ ಹೊಸ ಕಾಯಿಲ್, ಗ್ಯಾಸ್ಕೆಟ್, ಮೆಗ್ನೀಷಿಯಂ ರಾಡ್ (ತಾನು ಸವೆದು ಟ್ಯಾಂಕನ್ನು ತುಕ್ಕಿನಿಂದ ಕಾಪಾಡುವ ಕಡ್ಡಿ) ಮೂರನ್ನೂ ಒಟ್ಟಿಗೆ ಹಾಕಿಸಿ. ಬುಧವಾರ ಪೇಟೆಯ ತಾಪ್ಕೀರ್ ಗಲ್ಲಿಯಲ್ಲಿ ಹುಡುಕಿ, ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಿ. ಟ್ಯಾಂಕೇ ತುಕ್ಕು ಹಿಡಿದು ಬಿಸಿನೀರು ಕೆಂಪಗೆ ಬರುತ್ತಿದ್ದರೆ, ಅಥವಾ ಕೆಳಗೆ ಸೋರುತ್ತಿದ್ದರೆ ಮಾತ್ರ ಹೊಸ ಗೀಸರ್. ಕಾಗದದಲ್ಲಿ ಬರೆದದ್ದನ್ನು ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ.