ಪೀಸ್ ಲಿಲಿ ಎಲೆಯೆಲ್ಲ ಜೋತು ಬಿದ್ದಿದೆ, ಮತ್ತೆ ಚೇತರಿಸ್ಕೊಳ್ಳುತ್ತಾ?

ಬೇರು ಚೆನ್ನಾಗಿದ್ರೆ ಖಂಡಿತ ಚೇತರಿಸ್ಕೊಳ್ಳುತ್ತೆ, ಗಾಬರಿ ಬೇಡ. ಆದ್ರೆ ಬಾಡಿದೆ ಅಂದ ತಕ್ಷಣ ನೀರು ಸುರಿಬೇಡಿ, ತುಂಬಾ ಜನ ಮಾಡೋ ತಪ್ಪು ಇದೇ, ಯಾಕಂದ್ರೆ ನೀರು ಕಮ್ಮಿ ಆದ್ರೂ ಜಾಸ್ತಿ ಆದ್ರೂ ಈ ಗಿಡ ಒಂದೇ ಥರ ಜೋತು ಬೀಳುತ್ತೆ. ಮೊದ್ಲು ಬೆರಳನ್ನ ಎರಡು ಗೆಣ್ಣಿನಷ್ಟು ಮಣ್ಣೊಳಗೆ ಇಳಿಸಿ ನೋಡಿ. ಒಣಗಿದ್ರೆ ಪಾಟ್ ತಳದ ತೂತಿಂದ ನೀರು ಹೊರಗೆ ಬರೋವರೆಗೂ ನಿಧಾನಕ್ಕೆ ಹಾಕಿ, ಕೆಲವೇ ಗಂಟೆಲಿ ಎದ್ದು ನಿಲ್ಲೋಕೆ ಶುರು ಮಾಡುತ್ತೆ, ಆಮೇಲೆ ಕೆಳಗಿನ ತಟ್ಟೆಲಿ ನಿಂತ ನೀರು ಚೆಲ್ಲಿಬಿಡಿ.

ಮಣ್ಣು ಹಸಿಯಾಗೇ ಇದ್ದು ಬಾಡಿದ್ರೆ ಬೇರು ಕೊಳೆತಿರೋ ಚಾನ್ಸ್ ಜಾಸ್ತಿ. ಗಿಡ ಹೊರಗೆ ತೆಗೆದು ಮುಟ್ಟಿ ನೋಡಿ, ಬೇರು ಬೆಳ್ಳಗೆ ಗಟ್ಟಿಯಾಗಿದ್ರೆ ಸರಿ, ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿ, ಎಳೆದ್ರೆ ಸಿಪ್ಪೆ ಜಾರಿ ಕೈಗೆ ಬರ್ತಿದ್ರೆ ಅಷ್ಟನ್ನೂ ಕತ್ತರಿಸಿ ನೀರು ಬಸಿಯೋ ಹೊಸ ಮಣ್ಣಲ್ಲಿ ನೆಡಿ.

ನೇರ ಬಿಸಿಲು ಬೀಳದ, ಆದ್ರೆ ಒಳ್ಳೆ ಬೆಳಕಿರೋ ಕಿಟಕಿ ಹತ್ರ ಇಡಿ. ಮಂದ ಬೆಳಕಲ್ಲೂ ಬದುಕುತ್ತೆ, ಹೂ ಮಾತ್ರ ಅಷ್ಟಾಗಿ ಬಿಡಲ್ಲ (ಆ ಬಿಳಿ ದಳ ನಿಜವಾಗಿ ಒಂದು ಎಲೆನೇ, ಅಸಲಿ ಹೂಗಳು ಮಧ್ಯದ ಕಡ್ಡಿ ಮೇಲೆ ಪುಟಾಣಿಯಾಗಿರ್ತವೆ). ಬೆಕ್ಕು ನಾಯಿ ಇದ್ರೆ ಎಟುಕದ ಹಾಗಿಡಿ, ಎಲೆ ಕಚ್ಚಿದ್ರೆ ಬಾಯಿ ಉರಿಯುತ್ತೆ.