ಹಸಿರು ಗುರುತು ಬಿತ್ತು, ಪಾಠ ತಲೆಗೆ ಹತ್ತಲಿಲ್ಲ

ಆನ್‌ಲೈನ್ ಕಲಿಕಾ ವ್ಯವಸ್ಥೆಗಳ ಮೂಲಕ ಉನ್ನತ ವ್ಯಾಸಂಗ ಮಾಡುತ್ತಿರುವ ಓದುಗರ ನಾಲ್ಕು ಪ್ರಶ್ನೆಗಳನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಮೊದಲನೆಯದನ್ನು ಹಲವರು ಬೇರೆ ಬೇರೆ ಮಾತುಗಳಲ್ಲಿ ಕೇಳಿರುವುದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ನಾನು ಪದವಿಯ ಎರಡನೆಯ ವರ್ಷದ ವಿದ್ಯಾರ್ಥಿನಿ. ಸಂಖ್ಯಾಶಾಸ್ತ್ರದ ಪತ್ರಿಕೆ ಪೂರ್ತಿಯಾಗಿ ಆನ್‌ಲೈನ್‌ನಲ್ಲೇ ಇತ್ತು. ಎಲ್ಲ ವಿಡಿಯೊಗಳನ್ನೂ ನೋಡಿದ್ದೆ, ಪ್ರತಿ ಪಾಠದ ಮುಂದೆಯೂ ಹಸಿರು ಗುರುತು ಬಿದ್ದಿತ್ತು, ಕ್ವಿಜ್‌ಗಳಲ್ಲಿಯೂ ಒಳ್ಳೆಯ ಅಂಕಗಳೇ ಬಂದಿದ್ದವು. ಆದರೆ ಅಂತಿಮ ಪರೀಕ್ಷೆಯಲ್ಲಿ ಲೆಕ್ಕವನ್ನು ಎಲ್ಲಿಂದ ಆರಂಭಿಸಬೇಕೆಂಬುದೇ ತೋಚಲಿಲ್ಲ. ಈ ಬಗೆಯ ಕಲಿಕೆ ನನಗೆ ಒಗ್ಗುವುದಿಲ್ಲವೆ?

ಉತ್ತರ: ಆ ತೀರ್ಮಾನಕ್ಕೆ ಬರುವ ಮೊದಲು ಹಸಿರು ಗುರುತು ಏನನ್ನು ಅಳೆಯುತ್ತದೆ ಎಂಬುದನ್ನು ನೋಡೋಣ. ಅನೇಕ ವಿಶ್ವವಿದ್ಯಾಲಯಗಳು ಬಳಸುವ ಮೂಡಲ್ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಅವರು ರೂಪಿಸಿ, 2002ರಲ್ಲಿ ಮೊದಲ ಆವೃತ್ತಿ ಹೊರಬಂದ ಈ ತಂತ್ರಾಂಶದಲ್ಲಿ ಒಂದು ಪಾಠ ಯಾವಾಗ ಮುಗಿದಂತೆ ಎಂಬುದನ್ನು ಅಧ್ಯಾಪಕರೇ ಗೊತ್ತುಪಡಿಸುತ್ತಾರೆ. ಇಷ್ಟು ಅಂಕ ಬಂದಾಗಲೇ ಗುರುತು ಬೀಳಬೇಕೆಂದು ಅವರು ಷರತ್ತು ಹಾಕಬಹುದು. ವಿದ್ಯಾರ್ಥಿಯೇ ಗುಂಡಿ ಒತ್ತಿ ಮುಗಿಸಿದೆನೆಂದು ತಿಳಿಸುವಂತೆ ಬಿಡಬಹುದು. ಪುಟವನ್ನು ತೆರೆದರೆ ಸಾಕೆಂದೂ ಇಡಬಹುದು. ಕೊನೆಯ ಎರಡು ಬಗೆಗಳಲ್ಲಿ ಆ ಗುರುತು ಹಾಜರಿಯ ದಾಖಲೆಯೇ ಹೊರತು ತಿಳಿವಳಿಕೆಯ ದಾಖಲೆಯಲ್ಲ. ಕ್ವಿಜ್ ಅಂಕಗಳ ಮಾತೂ ಹೆಚ್ಚು ಬೇರೆಯಲ್ಲ. ಎಷ್ಟು ಸಲ ಬೇಕಾದರೂ ಪ್ರಯತ್ನಿಸಿ ಅತ್ಯಧಿಕ ಅಂಕವನ್ನೇ ಉಳಿಸಿಕೊಳ್ಳಬಹುದು ಎಂಬ ಏರ್ಪಾಡಿದ್ದಲ್ಲಿ, ಮೂರನೆಯ ಪ್ರಯತ್ನದ ಹೊತ್ತಿಗೆ ನಾವು ಲೆಕ್ಕ ಮಾಡುತ್ತಿರುವುದಿಲ್ಲ, ಹಿಂದೆ ಕಂಡ ಸರಿಯುತ್ತರವನ್ನು ಗುರುತು ಹಿಡಿಯುತ್ತಿರುತ್ತೇವೆ. ಪರೀಕ್ಷೆಯಲ್ಲಿ ಗುರುತು ಹಿಡಿಯಲು ಎದುರಿಗೆ ಏನೂ ಇರುವುದಿಲ್ಲ.

ಇದಕ್ಕೆ ಗಟ್ಟಿ ಆಧಾರವಿದೆ. ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಅವರು 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ವಿದ್ಯಾರ್ಥಿಗಳ ಒಂದು ಗುಂಪು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲೂ ಓದಿತು. ಇನ್ನೊಂದು ಗುಂಪು ಒಂದೇ ಅವಧಿಯಲ್ಲಿ ಓದಿ, ಉಳಿದ ಮೂರರಲ್ಲಿ ಅದನ್ನು ನೋಡದೆ ನೆನಪಿನಿಂದ ಬರೆಯಿತು. ಐದು ನಿಮಿಷಗಳ ಬಳಿಕ ಪರೀಕ್ಷಿಸಿದಾಗ ಓದುತ್ತಲೇ ಇದ್ದವರು ಮುಂದಿದ್ದರು. ವಾರದ ನಂತರ ಅವರಿಗೆ ನೆನಪಿದ್ದದ್ದು ಸುಮಾರು ಶೇ 40, ನೆನಪಿನಿಂದ ಬರೆದವರಿಗೆ ಸುಮಾರು ಶೇ 61. ವಿಡಿಯೊವನ್ನು ಮತ್ತೆ ಮತ್ತೆ ನೋಡುವವರು ಮೊದಲ ಗುಂಪಿನವರಂತೆ. ಆ ಹೊತ್ತಿಗೆ ಎಲ್ಲ ಅರ್ಥವಾದಂತೆ ತೋರುತ್ತದೆ, ಆದರೆ ಅದು ಬಹಳ ದಿನ ನಿಲ್ಲುವುದಿಲ್ಲ.

ನಿಮ್ಮ ವಿಷಯದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. ಸಾವಿರ ಜನರಲ್ಲಿ ಹತ್ತು ಮಂದಿಗೆ ಒಂದು ರೋಗವಿದೆ. ತಪಾಸಣೆಯು ಆ ಹತ್ತರಲ್ಲಿ ಒಂಬತ್ತು ಮಂದಿಯನ್ನು ಸರಿಯಾಗಿ ಪತ್ತೆ ಹಚ್ಚುತ್ತದೆ, ರೋಗವಿಲ್ಲದ 990 ಜನರಲ್ಲಿ 99 ಮಂದಿಗೂ ರೋಗವಿದೆಯೆಂದು ತಪ್ಪಾಗಿ ಹೇಳುತ್ತದೆ. ಹಾಗಾದರೆ ರೋಗವಿದೆಯೆಂದು ವರದಿ ಬಂದ ಒಬ್ಬರಿಗೆ ನಿಜವಾಗಿಯೂ ರೋಗವಿರುವ ಸಂಭವವೆಷ್ಟು? ವಿಡಿಯೊದಲ್ಲಿ ಅಧ್ಯಾಪಕರು 9 ಮತ್ತು 99ನ್ನು ಕೂಡಿಸಿ, 108ನ್ನು ಕೆಳಗೆ ಬರೆದು, 9ನ್ನು ಮೇಲೆ ಬರೆದು, ಸುಮಾರು ಶೇ 8 ಎಂದು ಹೇಳಿ ಮುಂದೆ ಹೋಗುತ್ತಾರೆ. ನೋಡುವಾಗ ಅದು ಸಹಜವೆಂದೇ ಅನ್ನಿಸುತ್ತದೆ. ಆದರೆ ಈ ಲೆಕ್ಕದ ಕಷ್ಟವೆಲ್ಲ ಇರುವುದು ಛೇದದ ಜಾಗದಲ್ಲಿ 10 ಅಥವಾ 1000 ಬರೆಯದೆ 108ನ್ನೇ ಆರಿಸಿಕೊಳ್ಳುವುದರಲ್ಲಿ, ಮತ್ತು ಆ ಆಯ್ಕೆಯನ್ನು ನಿಮ್ಮ ಪರವಾಗಿ ಅಧ್ಯಾಪಕರೇ ಮಾಡಿಬಿಟ್ಟಿದ್ದಾರೆ. ಆದ್ದರಿಂದ ಪ್ರಶ್ನೆ ಪರದೆಯ ಮೇಲೆ ಮೂಡಿದ ಕೂಡಲೇ, ಮೊದಲ ಹೆಜ್ಜೆ ಕಾಣುವ ಮುನ್ನವೇ ವಿಡಿಯೊ ನಿಲ್ಲಿಸಿ, ಕಾಗದದ ಮೇಲೆ ನಿಮಗೆ ತೋಚಿದ್ದನ್ನು ಬರೆಯಿರಿ. ತಪ್ಪಾದರೂ ಚಿಂತೆಯಿಲ್ಲ, ಎಲ್ಲಿ ತಪ್ಪಿದಿರಿ ಎಂಬುದು ಆಮೇಲೆ ವಿಡಿಯೊ ನೋಡುವಾಗ ಸ್ಪಷ್ಟವಾಗುತ್ತದೆ. ಎರಡು ದಿನ ಬಿಟ್ಟು ಅದೇ ಲೆಕ್ಕವನ್ನು ವಿಡಿಯೊ ತೆರೆಯದೆ ಮಾಡಿ.

ಹೀಗೆ ಕಲಿಯುವಾಗ ಪ್ರಗತಿ ನಿಧಾನವಾದಂತೆ ಅನ್ನಿಸುತ್ತದೆ, ಧೈರ್ಯವೂ ಕುಂದಬಹುದು. ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ತರಗತಿಗಳಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ತಾವೇ ಲೆಕ್ಕ ಬಿಡಿಸುತ್ತ ಕಲಿತ ವಿದ್ಯಾರ್ಥಿಗಳು ತಾವು ಕಲಿತದ್ದು ಕಡಿಮೆಯೆಂದು ಭಾವಿಸಿದ್ದರೂ, ಸೊಗಸಾದ ಉಪನ್ಯಾಸ ಕೇಳಿದವರಿಗಿಂತ ಹೆಚ್ಚು ಅಂಕ ಪಡೆದಿದ್ದರು. ಅನಿಸಿಕೆಯನ್ನು ನಂಬಿ ಈ ಕ್ರಮವನ್ನು ಕೈಬಿಡಬೇಡಿ.

ಇದರ ಹೊಣೆಯನ್ನೆಲ್ಲ ವಿದ್ಯಾರ್ಥಿಯ ಮೇಲೆ ಹೊರಿಸುವುದು ನ್ಯಾಯವಲ್ಲ ಎಂಬುದನ್ನೂ ಹೇಳಲೇಬೇಕು. ತರಗತಿಯಲ್ಲಿ ಒಂದು ಗಂಟೆ ಮಾಡಿದ ಪಾಠವನ್ನು ಹಾಗೆಯೇ ಚಿತ್ರೀಕರಿಸಿ ಏರಿಸುವ ರೂಢಿ ಇನ್ನೂ ಇದೆ. ಆನ್‌ಲೈನ್ ಕೋರ್ಸುಗಳನ್ನು ಒದಗಿಸುವ ಎಡ್‌ಎಕ್ಸ್ ತಾಣದಲ್ಲಿ ವಿಡಿಯೊ ವೀಕ್ಷಣೆಯ 69 ಲಕ್ಷ ಅವಧಿಗಳನ್ನು ಪರಿಶೀಲಿಸಿದ 2014ರ ಅಧ್ಯಯನದಲ್ಲಿ, ವಿಡಿಯೊ ಎಷ್ಟೇ ಉದ್ದವಿದ್ದರೂ ವಿದ್ಯಾರ್ಥಿಗಳು ಒಮ್ಮೆಗೆ ತೊಡಗಿಕೊಳ್ಳುವ ಮಧ್ಯಮ ಅವಧಿ ಆರು ನಿಮಿಷ ಮೀರುವುದಿಲ್ಲವೆಂದು ಕಂಡುಬಂದಿತ್ತು. ಪಾಠವನ್ನು ತುಂಡು ಮಾಡಿ, ನಡುನಡುವೆ ಪ್ರಶ್ನೆ ಇಡುವುದು ಸಂಸ್ಥೆಯ ಕೆಲಸ. ಅದು ನಡೆಯದಿರುವಲ್ಲಿ ಮಾತ್ರ ಆ ಕೆಲಸ ನಿಮ್ಮ ಪಾಲಿಗೆ ಬರುತ್ತದೆ.

ಪ್ರಶ್ನೆ: ನಮ್ಮ ಸ್ನಾತಕೋತ್ತರ ಕೋರ್ಸಿನಲ್ಲಿ ಪ್ರತಿ ವಾರ ಚರ್ಚಾ ವೇದಿಕೆಯಲ್ಲಿ ಒಂದು ಬರಹ, ಇಬ್ಬರು ಸಹಪಾಠಿಗಳಿಗೆ ಪ್ರತಿಕ್ರಿಯೆ ಕಡ್ಡಾಯ. ಎಲ್ಲರೂ 'ಚೆನ್ನಾಗಿ ಬರೆದಿದ್ದೀರಿ, ನಾನೂ ಒಪ್ಪುತ್ತೇನೆ' ಎಂದು ಬರೆದು ಅಂಕ ಪಡೆಯುತ್ತಾರೆ. ವರ್ಷ ಕಳೆದರೂ ಸಹಪಾಠಿಗಳ ಪರಿಚಯವೇ ಆಗಿಲ್ಲ, ಒಂಟಿತನ ಕಾಡುತ್ತದೆ.

ಉತ್ತರ: ನಿಮ್ಮ ಬೇಸರ ಸಕಾರಣವಾದದ್ದು. ಕೆನಡಾದ ರ‍್ಯಾಂಡಿ ಗ್ಯಾರಿಸನ್, ಟೆರಿ ಆ್ಯಂಡರ್ಸನ್ ಮತ್ತು ವಾಲ್ಟರ್ ಆರ್ಚರ್ ಅವರು 2000ದಲ್ಲಿ ಮುಂದಿಟ್ಟ ಚೌಕಟ್ಟಿನ ಪ್ರಕಾರ ಆನ್‌ಲೈನ್ ಕಲಿಕೆಗೆ ಮೂರು ಬಗೆಯ ಇರವು ಬೇಕು: ವಿಷಯದ ಜೊತೆ ಬುದ್ಧಿಯ ಸೆಣಸಾಟ, ಜೊತೆಗಾರರು ನಿಜವಾದ ಮನುಷ್ಯರೆಂಬ ಅರಿವು, ಇವೆರಡನ್ನೂ ನಡೆಸಿಕೊಂಡು ಹೋಗುವ ಅಧ್ಯಾಪಕರು. ಕಡ್ಡಾಯ ಪ್ರತಿಕ್ರಿಯೆಗಳ ಎಣಿಕೆ ಈ ಮೂರರಲ್ಲಿ ಯಾವುದನ್ನೂ ತಂದುಕೊಡುವುದಿಲ್ಲ. ಎಲ್ಲರೂ ಒಂದೇ ಪ್ರಶ್ನೆಗೆ ಒಂದೇ ಉತ್ತರ ಬರೆಯಬೇಕಾದಲ್ಲಿ ಒಪ್ಪುವುದನ್ನು ಬಿಟ್ಟು ಹೇಳಲು ಏನೂ ಉಳಿಯುವುದಿಲ್ಲ. ಹಾಗಾಗಿ ಪ್ರಶ್ನೆಯ ಸ್ವರೂಪವನ್ನು ಬದಲಿಸುವಂತೆ ಅಧ್ಯಾಪಕರನ್ನು ಸೌಜನ್ಯದಿಂದ ಕೇಳಿಕೊಳ್ಳಿ.

ನಿಮ್ಮ ಕೈಯಲ್ಲಿರುವುದೂ ಒಂದಿದೆ. ಮುಂದಿನ ವಾರ ಸಿದ್ಧ ಅಭಿಪ್ರಾಯದ ಬದಲು ನಿಮಗೆ ಅರ್ಥವಾಗದೆ ನಿಂತ ಜಾಗವನ್ನೇ ಬರೆಯಿರಿ: ಯಾವ ಪುಟ, ಯಾವ ವಾಕ್ಯ, ಅಲ್ಲಿ ನೀವು ಏನೆಂದು ತಿಳಿದಿರಿ, ಅದು ಏಕೆ ಹೊಂದುತ್ತಿಲ್ಲ. ಇಂಥ ಬರಹಕ್ಕೆ 'ಒಪ್ಪುತ್ತೇನೆ' ಎಂದು ಉತ್ತರಿಸಲಾಗುವುದಿಲ್ಲ. ಮನಸ್ಸಿಟ್ಟು ಉತ್ತರಿಸಿದ ಇಬ್ಬರನ್ನು ವಾರಕ್ಕೊಮ್ಮೆ ಅರ್ಧ ಗಂಟೆ ಕರೆಯಲ್ಲಿ ಮಾತನಾಡಲು ಕರೆಯಿರಿ. ಮೂವರ ಗುಂಪು ಸಾಕು.

ಪ್ರಶ್ನೆ: ಗಡುವಿಗೆ ಮುಂಚೆಯೇ ಅಸೈನ್‌ಮೆಂಟ್ ಫೈಲನ್ನು ಅಪ್‌ಲೋಡ್ ಮಾಡಿದ್ದೆ. ಆದರೂ ಸಲ್ಲಿಸಿಲ್ಲವೆಂದು ಶೂನ್ಯ ಅಂಕ ಕೊಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಅಸೈನ್‌ಮೆಂಟ್ ಪುಟದಲ್ಲಿ ಅದರ ಸ್ಥಿತಿ ಏನೆಂದು ತೋರಿಸುತ್ತಿದೆ ನೋಡಿ. ಮೂಡಲ್‌ನಲ್ಲಿ ಫೈಲ್ ಏರಿಸಿದ ಮೇಲೂ ಸಲ್ಲಿಕೆಯ ಗುಂಡಿಯನ್ನು ಬೇರೆಯಾಗಿ ಒತ್ತಬೇಕೆಂಬ ಏರ್ಪಾಡು ಮಾಡಬಹುದು. ಒತ್ತದಿದ್ದರೆ ಫೈಲು ಕರಡಾಗಿಯೇ ಉಳಿಯುತ್ತದೆ. ನಿಮ್ಮದು ಹಾಗೆ ಉಳಿದಿದ್ದರೆ, ಫೈಲನ್ನು ಕೊನೆಯ ಬಾರಿ ಬದಲಿಸಿದ ದಿನಾಂಕ ಮತ್ತು ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಇಂದೇ ಅಧ್ಯಾಪಕರಿಗೆ ಕಳುಹಿಸಿ. ಕೆಲಸ ಗಡುವಿಗೆ ಮುಂಚೆಯೇ ಮುಗಿದಿತ್ತೆಂಬುದಕ್ಕೆ ಅದು ಒಳ್ಳೆಯ ಸಾಕ್ಷಿ, ವಿಚಾರವಂತ ಅಧ್ಯಾಪಕರು ಅದನ್ನು ಪರಿಗಣಿಸುತ್ತಾರೆಂದೇ ನನ್ನ ನಂಬಿಕೆ. ಕ್ವಿಜ್‌ಗಳಲ್ಲೂ ಇಂಥದ್ದೊಂದು ಸೂಕ್ಷ್ಮವಿದೆ: ಸಮಯ ಮುಗಿದಾಗ ಉತ್ತರಗಳು ತಾನಾಗಿ ಸಲ್ಲಿಕೆಯಾಗುವಂತೆಯೂ ಇಡಬಹುದು, ಅಷ್ಟರೊಳಗೆ ಸಲ್ಲಿಸದಿದ್ದರೆ ಲೆಕ್ಕಕ್ಕೇ ಇಲ್ಲದಂತೆಯೂ ಇಡಬಹುದು. ಯಾವುದೆಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ಪ್ರಶ್ನೆ: ನೌಕರಿ ಮಾಡುತ್ತಲೇ ಪ್ರಸಿದ್ಧ ವಿಶ್ವವಿದ್ಯಾಲಯಗಳ ಉಚಿತ ಕೋರ್ಸುಗಳಿಗೆ ಸೇರುತ್ತೇನೆ, ಅರ್ಧಕ್ಕೆ ಬಿಡುತ್ತೇನೆ. ನನ್ನಲ್ಲಿ ಶಿಸ್ತಿಲ್ಲವೆ?

ಉತ್ತರ: ಅಮೆರಿಕದ ಎಂಐಟಿ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯಗಳು ಎಡ್‌ಎಕ್ಸ್‌ನಲ್ಲಿ ನಡೆಸಿದ ಕೋರ್ಸುಗಳಲ್ಲಿ 2017-18ರ ಅವಧಿಯಲ್ಲಿ ಭಾಗವಹಿಸಿದ ಎಲ್ಲರ ಪೈಕಿ ಮುಗಿಸಿದವರು ಶೇ 3.13 ಮಾತ್ರ, ಹಣ ಕಟ್ಟಿ ಪ್ರಮಾಣಪತ್ರಕ್ಕೆಂದು ನೋಂದಾಯಿಸಿದವರಲ್ಲಿ ಶೇ 46. ಅರ್ಧಕ್ಕೆ ಬಿಡುವವರು ನೀವೊಬ್ಬರೇ ಅಲ್ಲ. ಒಂದು ಅಧ್ಯಾಯವಷ್ಟೇ ಬೇಕಿದ್ದರೆ ಅದನ್ನು ಕಲಿತು ಹೊರಡುವುದರಲ್ಲಿ ತಪ್ಪೂ ಇಲ್ಲ. ಪೂರ್ತಿ ಮುಗಿಸಲೇಬೇಕೆಂದಿದ್ದರೆ ಒಂದು ಸಲಕ್ಕೆ ಒಂದೇ ಕೋರ್ಸಿಗೆ ಸೇರಿ. ಸೇರುವ ಮುನ್ನ ಪಠ್ಯಕ್ರಮದಲ್ಲಿ ಕೊನೆಯ ವಾರಗಳ ಅಸೈನ್‌ಮೆಂಟ್‌ಗಳು ಎಂಥವೆಂದು ನೋಡಿ, ಆ ದಿನಗಳಲ್ಲಿ ನಿಮ್ಮ ಕಚೇರಿಯ ಕೆಲಸ ಎಷ್ಟಿರುತ್ತದೆಂಬುದರ ಜೊತೆಗೆ ಹೋಲಿಸಿಕೊಳ್ಳಿ.